ದೀಪದ ಬರಾನಿಕೊ ಅವರ ಮನೆಯ ಕತ್ತಲೆ

ಗಿಲ್ಬರ್ಟ್ ದ್ವೀಪಸಾಲಿನ ದಕ್ಷಿಣದ ಹಳ್ಳಿಗಳಲ್ಲಿ ಸೀಮೆಎಣ್ಣೆಯ ಹೊಗೆಯಿಲ್ಲದೆ ಸಂಜೆಯ ಪ್ರಾರ್ಥನೆಗೆ ಕೂರಬಹುದೆಂದು ಮೊದಲು ತೋರಿಸಿಕೊಟ್ಟವರ ಹೆಸರು ಹೇಳುವಾಗ, ತೆಬೈಯಾ ಹಳ್ಳಿಯ ಬರಾನಿಕೊ ಅವರನ್ನು ಬಿಟ್ಟು ಮುಂದೆ ಹೋಗಲಾಗದು. ರಾಜಧಾನಿ ತರಾವಾದಲ್ಲಿ ದೊಡ್ಡ ಯಂತ್ರ ನಡೆಸಿದವರಿದ್ದಾರೆ, ಹೊರದೇಶಗಳಲ್ಲಿ ಓದಿ ಬಂದವರಿದ್ದಾರೆ. ಆದರೆ ಹಳ್ಳಿಯ ಗರಿಮಾಡಿನ ಕೆಳಗೆ, ತೆಂಗಿನ ತೊಲೆಗೆ ಒಂದು ಟ್ಯೂಬ್‌ಲೈಟು ಕಟ್ಟಿ, ಅದು ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಉರಿಯುವಂತೆ ನೋಡಿಕೊಂಡವರು ಬಹಳ ಮಂದಿಯಿಲ್ಲ. ಸೌರದೀಪದ ಕಂಪನಿಯ ಸೇವೆಯಿಂದ ಅವರು ಈ ವರ್ಷ ನಿವೃತ್ತರಾದರು. ಈ ಅಭಿನಂದನ ಸಂಪುಟದ ಮಾತೆತ್ತಿ ಅವರ ಬಳಿಗೆ ಹೋದಾಗ ಅವರು, "ರೋತಿಯಾಳ ಮಾತು ಬರೆಯೋದಾದ್ರೆ ನನ್ನ ಮಾತು ಬರೀರಿ. ಅವಳನ್ನ ಬಿಟ್ಟು ನನ್ನನ್ನ ಹೊಗಳಬೇಡಿ" ಎಂದರು. ಅವರ ಮಡದಿ ರೋತಿಯಾ ಈಗ ನಮ್ಮೊಡನಿಲ್ಲ. ದೇವರು ಆಕೆಯನ್ನು ಕಳೆದ ಮಳೆಗಾಲದಲ್ಲಿ ಕರೆದುಕೊಂಡ. ಆದುದರಿಂದ ಈ ಲೇಖನ ಇಬ್ಬರದು.

ಬರಾನಿಕೊ ಅವರ ತಂದೆ ತೆಂಗಿನ ಹೊಂಬಾಳೆ ಕೊಯ್ದು ಸಿಹಿ ನೀರಾ ಇಳಿಸುತ್ತಿದ್ದವರು. ಮರದ ಮೇಲೆ ಕುಳಿತು ಹಾಡುವ ಧ್ವನಿ ಮಗನಿಗೂ ಬಂದಿತ್ತಾದರೂ ಅವರ ಕೈ ಹೋದದ್ದು ತಂತಿಯ ಕಡೆಗೆ. ತರಾವಾದ ತಾಂತ್ರಿಕ ಶಾಲೆಯಲ್ಲಿ ಕಲಿತು, ಹಡಗಿನಲ್ಲಿ ಹಿಂದಿರುಗುವಾಗ ಅವರು ಮೊದಲ ಟ್ಯೂಬುಗಳನ್ನು ಮಲಗುವ ಚಾಪೆಗಳಲ್ಲಿ ಸುತ್ತಿ, ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ತಂದರು. ಊರಿನ ಸಭೆ ಸೇರುವ ದೊಡ್ಡ ಮಾಡಾದ ಮನೆಯಾಬದಲ್ಲಿ ಮೊದಲ ದೀಪ ಕಟ್ಟಿದ ದಿನ ಹಿರಿಯರೆಲ್ಲ ತಮ್ಮ ತಮ್ಮ ಕುಲದ ಕಂಬಗಳಿಗೆ ಒರಗಿ ಕುಳಿತು ಅವರನ್ನು ಪರೀಕ್ಷೆ ಮಾಡಿದರು.

"ಎಣ್ಣೆ ಎಲ್ಲಿದೆ ಮಗಾ?"

"ಎಣ್ಣೆ ಇಲ್ಲ ಅಜ್ಜ."

"ಬತ್ತಿ?"

"ಎರಡು ತುದೀಲಿ ಕೂದಲಿನಂಥ ಎರಡು ತಂತಿ ಇದೆ. ಅವು ಕಾದು ಮಿಂಚಿನ ಕಣ ಉಗುಳ್ತವೆ. ಮಧ್ಯದಲ್ಲಿ ಏನೂ ಇಲ್ಲ, ಒಂಚೂರು ಗಾಳಿ, ಒಂದು ಹನಿ ಪಾದರಸದ ಹಬೆ."

"ಏನೂ ಇಲ್ದಿರೋದು ಉರಿಯುತ್ತಾ? ಹಾಗಾದ್ರೆ ನಮ್ಮ ಕೈಯೇಯಾನ ತಲೇನೂ ಉರೀಬೇಕಿತ್ತಲ್ಲ."

ಸಭೆಯೆಲ್ಲ ನಕ್ಕಿತು. ರೋತಿಯಾ ಅವರ ಅಣ್ಣ ಕೈಯೇಯಾ ಎಲ್ಲರಿಗಿಂತ ಜೋರಾಗಿ ನಕ್ಕರು. ಬರಾನಿಕೊ ಅವರು ಕಡಲಿನ ಕಡೆಗೆ ಕೈತೋರಿಸಿದರು. ಆಳದ ಕಡಲಿನಲ್ಲಿ ಅಲೆಯ ಬಲ ಕಾಣುವುದಿಲ್ಲ, ದೋಣಿ ಸುಮ್ಮನೆ ಏರಿ ಇಳಿಯುತ್ತದೆ. ಅದೇ ಬಲ ಹವಳದ ದಿಬ್ಬಕ್ಕೆ ಬಡಿದಾಗ ಬೆಳ್ಳಗೆ ಸಿಡಿಯುತ್ತದೆ. ಟ್ಯೂಬಿನೊಳಗೂ ಹಾಗೆಯೇ. ಮಿಂಚಿನ ಕಣಗಳು ಪಾದರಸದ ಹಬೆಗೆ ತಾಗಿದಾಗ ಹುಟ್ಟುವ ಬೆಳಕು ಮನುಷ್ಯರ ಕಣ್ಣಿಗೆ ಕಾಣದ ಬೆಳಕು. ಗಾಜಿನ ಒಳಮೈಗೆ ಸುಣ್ಣದಂತೆ ಬಳಿದ ಪುಡಿಗೆ ಅದು ಬಡಿದಾಗ ಆ ಪುಡಿ ಬೆಳ್ಳಗೆ ಬೆಳಗುತ್ತದೆ. ನಾವು ನೋಡುವುದು ಪುಡಿಯನ್ನು, ಬಡಿಯುತ್ತಿರುವುದು ಇನ್ನೊಂದು. ಮೀನು ಹಿಡಿದು ಹಣ್ಣಾದ ಹಿರಿಯರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಇನ್ನೊಂದು ಸಂಗತಿಯನ್ನೂ ಅವರು ಅಂದೇ ಹೇಳಿದರು. ಟ್ಯೂಬಿನಲ್ಲಿ ಒಮ್ಮೆ ದಾರಿ ತೆರೆಯಿತೆಂದರೆ ವಿದ್ಯುತ್ತಿಗೆ ತಡೆಯಿಲ್ಲ. ಹರಿದಷ್ಟೂ ದಾರಿ ಹಿಗ್ಗುತ್ತದೆ, ದಾರಿ ಹಿಗ್ಗಿದಷ್ಟೂ ಇನ್ನೂ ಹರಿಯುತ್ತದೆ. ಬಿಟ್ಟರೆ ಟ್ಯೂಬು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೇ ಪಕ್ಕದಲ್ಲೊಂದು ಪುಟ್ಟ ಪೆಟ್ಟಿಗೆ, ಚೋಕು. ಬ್ಯಾಟರಿಯ ಸಣ್ಣ ಬಲವನ್ನು ದೀಪ ಹೊತ್ತುವಷ್ಟು ಎತ್ತಿಕೊಡುವುದೂ ಅದೇ, ಹೊತ್ತಿದ ಮೇಲೆ 'ಸಾಕು' ಎಂದು ಹಿಡಿದು ನಿಲ್ಲಿಸುವುದೂ ಅದೇ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ರೋತಿಯಾ ಈ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ಅಂದಿನಿಂದ ನಿವೃತ್ತಿಯವರೆಗಿನ ಸೇವೆಯನ್ನು ವಿವರವಾಗಿ ಬರೆಯಹೊರಟರೆ ಸಂಪುಟ ಸಾಲದು. ಸೌರಫಲಕಕ್ಕೆ ನೆರಳು ಬೀಳಿಸುವ ತೆಂಗಿನ ಗರಿಯನ್ನು ತಾವೇ ಹತ್ತಿ ಕಡಿಯುತ್ತಿದ್ದರು. ಬರಗಾಲದಲ್ಲಿ ಬಾವಿಯ ನೀರು ಉಪ್ಪಾದಾಗ ಬ್ಯಾಟರಿಗಳಿಗಾಗಿ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ಇಟ್ಟಿರುತ್ತಿದ್ದರು, ತಮ್ಮ ಮನೆಯಲ್ಲಿ ಮಾತ್ರ ಎಲ್ಲರಂತೆ ಉಪ್ಪುನೀರನ್ನೇ ಕುಡಿಯುತ್ತಿದ್ದರು. ಸತ್ತ ಟ್ಯೂಬುಗಳನ್ನು ಯಾರೂ ಒಡೆಯಬಾರದು, ಬಬಾಯಿ ಗೆಡ್ಡೆಯ ಗುಂಡಿಗಳ ಬಳಿ ಎಸೆಯಬಾರದು ಎಂದು ಮನೆಮನೆಗೆ ಹೇಳಿ, ಅವನ್ನೆಲ್ಲ ಕೂಡಿಟ್ಟು ಹಡಗಿಗೆ ಹಾಕಿ ಕಳುಹಿಸುತ್ತಿದ್ದರು. ನಮ್ಮ ಕಾಲ ಕೆಳಗೆ ಸಿಹಿನೀರು ಇರುವುದು ತೆಳುವಾದ ಒಂದು ಪದರ. ಅದರಲ್ಲಿ ಪಾದರಸ ಬಿದ್ದರೆ ಮೊಮ್ಮಕ್ಕಳವರೆಗೂ ಹೋಗದು.

ತಪ್ಪು ಮಾಡಿದವರನ್ನು ಅವರು ಗದರಿಸಿದ್ದಿಲ್ಲ. ಬ್ಯಾಟರಿ ಸೋತಾಗ ದೀಪವನ್ನು ತಾನಾಗಿ ಆರಿಸುವ ಪೆಟ್ಟಿಗೆಯೊಂದು ಪ್ರತಿ ಮನೆಯಲ್ಲೂ ಇತ್ತು. ನೆಂಟರು ಬಂದರೆಂದು ಕೆಲವರು ಅದನ್ನು ತಪ್ಪಿಸಿ, ಬ್ಯಾಟರಿಗೆ ನೇರವಾಗಿ ತಂತಿ ಕಟ್ಟಿ ಸಿನಿಮಾ ಹಾಕುತ್ತಿದ್ದರು. ಬಳಲಿದ ಬ್ಯಾಟರಿಯಲ್ಲಿ ಟ್ಯೂಬು ಹೊತ್ತಲಾರದೆ ಮಿಣುಕಿ ಮಿಣುಕಿ ಅದರ ಎರಡು ತುದಿಗಳೂ ಕಪ್ಪಾಗುತ್ತಿದ್ದವು. ಬರಾನಿಕೊ ಅವರು ಏಣಿಯ ಮೇಲಿನಿಂದ, "ಮಾವ, ನಿಮ್ಮ ಟ್ಯೂಬು ಕಣ್ಣಿಗೆ ಕಾಡಿಗೆ ಹಚ್ಕೊಂಡಿದೆಯಲ್ಲ. ಯಾವ ಸಿನಿಮಾಕ್ಕೆ ಹೋಗಿತ್ತು?" ಎನ್ನುವರು. ಮನೆಯವರು ತಲೆ ತಗ್ಗಿಸುವರು. ಅಷ್ಟರಲ್ಲಿ ಹೊಸ ಟ್ಯೂಬು ಕೂತಿರುತ್ತಿತ್ತು.

ಇಷ್ಟು ಹೇಳಿದ ಮೇಲೆ ಹೇಳಲು ಕಷ್ಟವಾದ ಮಾತಿಗೆ ಬರಬೇಕು.

ನಮ್ಮಲ್ಲಿ ಬುಬುತಿ ಎಂಬ ಪದ್ಧತಿಯುಂಟು. ನೆಂಟನೋ ನೆರೆಯವನೋ ಬಂದು ಕುಳಿತು, "ಇದು ನನ್ನ ಬುಬುತಿ" ಎಂದು ಒಂದು ವಸ್ತುವನ್ನು ಕೇಳಿದರೆ ಕೊಡಲೇಬೇಕು. ಇಲ್ಲವೆಂದವನ ಮನೆಯ ಹೆಸರು ಕೆಡುತ್ತದೆ. ಕೊಟ್ಟದ್ದನ್ನು ಹಿಂದಕ್ಕೆ ತರುವುದೂ ಅಷ್ಟೇ ಅವಮಾನ. ಹಸಿದ ದ್ವೀಪದಲ್ಲಿ ಒಬ್ಬರನ್ನೊಬ್ಬರು ಬದುಕಿಸಲು ಹಿರಿಯರು ಮಾಡಿದ ಕಟ್ಟಳೆಯಿದು, ಇದರಲ್ಲಿ ಕೆಡುಕಿಲ್ಲ. ಕೇಳುವವನಿಗೆ ನಾಚಿಕೆಯಿದ್ದಷ್ಟು ದಿನ ಇದು ಧರ್ಮವೇ.

ಬರಾನಿಕೊ ಅವರ ಸ್ವಂತ ಮನೆಯಲ್ಲಿ ಎರಡು ಟ್ಯೂಬುಗಳಿದ್ದವು, ಅವಕ್ಕೊಂದು ಬ್ಯಾಟರಿ ಇತ್ತು. ಒಂದು ಟ್ಯೂಬಿನ ಕೆಳಗೆ ಕುಳಿತು ರೋತಿಯಾ ಕೇದಗೆಯ ಎಳೆಗಳಿಂದ ಚಾಪೆ ಹೆಣೆಯುತ್ತಿದ್ದರು. ಬೂದುಬಿಳಿಯ ಎಳೆಗಳ ನಡುವೆ ಕಂದು, ಕಂದಿನ ನಡುವೆ ಕಪ್ಪು ಸೇರಿಸಿ ಆಕೆ ಹೆಣೆದ ಚಾಪೆಗೆ ಅಕ್ಕಪಕ್ಕದ ದ್ವೀಪಗಳಲ್ಲೂ ಹೆಸರಿತ್ತು. ಮೊದಲು ಕೈಯೇಯಾ ಬಂದರು. ಮಗಳ ಹೆರಿಗೆ ಹತ್ತಿರವಿತ್ತು, ತಮ್ಮ ಮನೆಯ ಟ್ಯೂಬು ಸತ್ತಿತ್ತು, ಹಡಗು ಬರುವುದು ತಡವಾಗಿತ್ತು. ಬುಬುತಿ ಕೇಳಿದರು. ಚಾಪೆಯ ಮೇಲಿನ ಟ್ಯೂಬು ಹೋಯಿತು. ಆಮೇಲೆ ಚರ್ಚಿನ ಉಪದೇಶಿಯವರು ಪಾಠ ಬರೆಯಬೇಕೆಂದು ಕೇಳಿದಾಗ ಬ್ಯಾಟರಿ ಹೋಯಿತು. ಚಿಕ್ಕಪ್ಪನ ಮಗ ಮುದುಕಿಯಾದ ತಾಯಿಗೆಂದು ಕೇಳಿದಾಗ ಉಳಿದ ಟ್ಯೂಬೂ ಹೋಯಿತು. ಹಡಗು ಬಂದಾಗ ಕಂಪನಿಯ ಉಗ್ರಾಣ ತುಂಬುತ್ತಿತ್ತು. ಆದರೆ ಅಲ್ಲಿದ್ದುದೆಲ್ಲ ಕಾಯುತ್ತಿದ್ದ ಮನೆಗಳ ಪಾಲಿನದು, ಅದರಲ್ಲಿ ಒಂದನ್ನೂ ತಮ್ಮ ಮನೆಗೆ ಎತ್ತಿಕೊಳ್ಳಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಮುಂದಿನ ಹಡಗಿಗೆ ನೋಡೋಣ ಎನ್ನುವರು. ಮುಂದಿನ ಹಡಗಿಗೆ ಇನ್ನೊಬ್ಬರು ಕಾಯುತ್ತಿರುವರು.

"ಟ್ಯೂಬಿಗೊಂದು ಚೋಕು ಇಟ್ಟೆ," ಎಂದರಂತೆ ರೋತಿಯಾ, ಲಾಟೀನು ಒರೆಸುತ್ತ. "ನಿನಗೊಂದು ಇಟ್ಕೊಳ್ಳೋದು ಮರೆತೆ."

"ಇಲ್ಲ ಅಂದ್ರೆ ಜನ ಏನಂತಾರೆ?"

"ನನ್ನ ಹತ್ರ ದಿನಾ 'ಇಲ್ಲ' ಅಂತೀಯಲ್ಲ, ಹಾಗೇ ಅನ್ನು."

ಊರವರಾದ ನಾವು ಆ ಮನೆಯ ಕತ್ತಲೆಯನ್ನು ಕಾಣಲಿಲ್ಲವೇ? ಕಂಡೆವು. ಕೇಳಿದರೆ ಬರಾನಿಕೊ ಅವರು, "ಹಗಲೆಲ್ಲ ಟ್ಯೂಬು ನೋಡಿ ಕಣ್ಣು ಬೇಸತ್ತಿದೆ, ಮನೇಲಾದ್ರೂ ಕತ್ತಲೆ ಇರ್ಲಿ" ಎಂದು ನಗಿಸುತ್ತಿದ್ದರು. ನಮಗೆ ಆ ನಗೆ ಅನುಕೂಲವಾಗಿತ್ತು. ಪ್ರತಿಯೊಬ್ಬನೂ ತಾನು ಕೇಳಿದ್ದು ಒಂದೇ ಒಂದು ವಸ್ತುವೆಂದುಕೊಂಡು ಸಮಾಧಾನದಿಂದಿದ್ದ.

ರೋತಿಯಾ ಸಂಜೆ ಹೊತ್ತು ಅಣ್ಣನ ಮನೆಗೆ ಹೋಗಿ ಅಲ್ಲಿಯ ಟ್ಯೂಬಿನ ಕೆಳಗೆ ಹೆಣೆಯತೊಡಗಿದರು. ಒಂದು ಸಂಜೆ ಅಲ್ಲಿ ನೆಂಟರು ಸೇರಿದ್ದರು. ಟ್ಯೂಬು ಸಡಿಲವಾಗಿ ಮಿಣುಕುತ್ತಿತ್ತೆಂದು ಬರಾನಿಕೊ ಅವರು ಏಣಿ ಹತ್ತಿದ್ದರು. ಕೈಯೇಯಾ ಅವರ ಹೆಂಡತಿ ಬ್ವೆನ ನೆಂಟರನ್ನು ನಗಿಸಲೆಂದು, "ನೋಡ್ರಿ, ದೀಪದವನ ಹೆಂಡ್ತಿ ನಮ್ಮ ದೀಪಕ್ಕೆ ಬರ್ತಾಳೆ. ರೋತಿಯಾ, ನಿಮ್ಮನೇಲಿ ಬೆಳಕು ಬೆಳೆಯಲ್ವೇನೆ?" ಎಂದರು. ಎಲ್ಲರೂ ನಕ್ಕರು. ರೋತಿಯಾ ಕೂಡ ನಕ್ಕು, ಆಮೇಲೆ ತಲೆಯೆತ್ತಿ ಏಣಿಯ ಮೇಲೆ ನೋಡಿದರು. ಆ ಟ್ಯೂಬು ಅವರದೇ. ಅದು ಗೊತ್ತಿದ್ದವರು ಅಲ್ಲಿ ನಾಲ್ವರು. ಕೈಯೇಯಾ ಮೀನಿನ ತಟ್ಟೆಯನ್ನು ನೋಡಿಕೊಂಡು ಕುಳಿತರು. ಬರಾನಿಕೊ ಅವರು ಒಂದು ಮಾತೂ ಆಡದೆ ಟ್ಯೂಬನ್ನು ಹಿಡಿಕೆಯಲ್ಲಿ ತಿರುಗಿಸಿದರು. ಅದು ಟಕ್ಕೆಂದು ಕೂತು ಬೆಳಗಿತು. ರೋತಿಯಾ ಅರ್ಧ ಹೆಣೆದ ಚಾಪೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, "ಬರ್ತೀನಿ ಅತ್ತಿಗೆ" ಎಂದು ಹೊರಟರು. ಮತ್ತೆ ಅಲ್ಲಿಗೆ ಹೆಣೆಯಲು ಹೋಗಲಿಲ್ಲ. ಆಮೇಲಿನ ಚಾಪೆಗಳೆಲ್ಲ ಲಾಟೀನಿನ ಮುಂದೆ ಹುಟ್ಟಿದವು.

ರೋತಿಯಾ ತೀರಿಕೊಂಡಾಗ ನಾವೆಲ್ಲ ಆ ಮನೆಯಲ್ಲಿ ಸೇರಿದೆವು. ಸಂಜೆಯಾಗುತ್ತಿತ್ತು. ಊರಿನ ಹಿರಿಯಜ್ಜಿ ತೆರೆಂಗಾ ಅವರು ಶವದ ತಲೆಯ ಕಡೆ ಕುಳಿತು, "ದೀಪ ಹಾಕ್ರಪ್ಪ, ಪ್ರಾರ್ಥನೆ ಶುರು ಮಾಡೋಣ" ಎಂದರು. ಯಾರೋ ಗುಂಡಿಯೊತ್ತಲು ಕೈಚಾಚಿದರು. ಎಲ್ಲರ ಕಣ್ಣೂ ಮಾಡಿನ ಕಡೆ ಹೋಯಿತು. ತೊಲೆಯ ಮೇಲೆ ಹಿಡಿಕೆಗಳು ಎದುರುಬದುರಾಗಿ ಇದ್ದವು. ನಡುವೆ ಏನೂ ಇರಲಿಲ್ಲ.

"ಟ್ಯೂಬು ಎಲ್ಲೋ ಮಗಾ?" ಎಂದರು ಅಜ್ಜಿ.

ಒಬ್ಬರಾದ ಮೇಲೊಬ್ಬರು ತಲೆ ತಗ್ಗಿಸಿದರು. ಹಾಗೆ ತಗ್ಗಿದ ತಲೆಗಳನ್ನು ನೋಡಿಯೇ ಯಾರ್ಯಾರ ಮನೆಗೆ ಏನೇನು ಹೋಗಿತ್ತೆಂಬುದು ಊರಿಗೆ ತಿಳಿಯಿತು. ಆ ದಿನ ಲಾಟೀನುಗಳನ್ನು ತಂದು ಪ್ರಾರ್ಥನೆ ಮಾಡಿದೆವು. ದೇವರ ಮುಂದೆ ಹಾಗೆ ನಾಚಿದ್ದು ನಮ್ಮ ತಲೆಮಾರಿನಲ್ಲಿ ಇನ್ನೊಂದು ದಿನವಿಲ್ಲ.

ಮಣ್ಣು ಮಾಡಿದ ಮರುದಿನ ಕೈಯೇಯಾ ಒಂದು ಟ್ಯೂಬು ಹಿಡಿದುಕೊಂಡು ಬಂದರು. ಅಂದು ಒಯ್ದ ಟ್ಯೂಬು ಎಂದೋ ಸತ್ತು ಅದರ ಜಾಗಕ್ಕೆ ಬೇರೆ ಬಂದಿತ್ತು. ಆದರೆ ಋಣಕ್ಕೆ ಮುಪ್ಪಿಲ್ಲ.

"ತಗೋ ಭಾವ."

"ಹಿಂದಕ್ಕೆ ತರಬೇಡ ಭಾವ. ನಿನ್ನ ತಂಗಿ ಕೊಟ್ಟದ್ದನ್ನ ಸುಳ್ಳು ಮಾಡ್ತೀಯಾ?"

ಕೈಯೇಯಾ ಅದನ್ನು ಹಿಡಿದುಕೊಂಡೇ ಹಿಂದಿರುಗಿದರು. ಉಪದೇಶಿಯವರಿಗೂ ಚಿಕ್ಕಪ್ಪನ ಮಗನಿಗೂ ಇದೇ ಉತ್ತರ ಸಿಕ್ಕಿತು. ಕಾಣಿಕೆಯೆಂದು ಹೊಸದನ್ನು ಕೊಡಹೋದವರಿಗೆ, "ಇಷ್ಟು ದಿನ ಇಲ್ಲದ್ದು ಈಗ ಯಾರಿಗೆ?" ಎಂದರು. ಹೀಗೆ ಕೊಡಲೂ ಆಗದೆ, ಹಿಂದಿರುಗಿಸಲೂ ಆಗದೆ, ಊರೆಲ್ಲ ಟ್ಯೂಬಿನ ಬೆಳಕಿನಲ್ಲಿ ಮುಖ ಮುಚ್ಚಿಕೊಂಡು ಉಣ್ಣುವಂತಾಯಿತು. ಅವರು ಮಾತ್ರ ಹಗಲೆಲ್ಲ ನಮ್ಮ ದೀಪಗಳನ್ನು ರಿಪೇರಿ ಮಾಡಿ, ಸಂಜೆ ಅದೇ ಕತ್ತಲೆಗೆ ಹೋಗಿ ಕೂರುತ್ತಿದ್ದರು.

ನಿವೃತ್ತಿಯ ದಿನ ಬಂದಿತು. ಮನೆಯಾಬದಲ್ಲಿ ಸನ್ಮಾನವೆಂದು ಗೊತ್ತಾಯಿತು. ಬೇಯಿಸಿದ ಬಬಾಯಿ, ಸುಟ್ಟ ಮೀನು, ಹಲಸಿನಂಥ ದೀವಿಹಲಸು ಎಲ್ಲ ಸಾಲಾಗಿ ಇಟ್ಟಿದ್ದರು. ಗೌರವದ ಸ್ಥಾನದಲ್ಲಿ ಹಾಸಲು ಊರಿನ ಅತ್ಯುತ್ತಮ ಚಾಪೆ ಬೇಕೆಂದಾಗ ಕೈಯೇಯಾ ಅವರ ಮನೆಯಿಂದ ಒಂದು ಚಾಪೆ ಬಂದಿತು. ಬರಾನಿಕೊ ಅವರ ತಲೆಗೆ ಹೂವಿನ ಕಿರೀಟ ಇಟ್ಟರು. ಕೈಹಿಡಿದು ಕರೆತಂದರು. ಅವರು ಚಾಪೆಯ ಅಂಚಿಗೆ ಬಂದು ನಿಂತುಬಿಟ್ಟರು.

"ಕೂತ್ಕೋ ಮಗಾ," ಎಂದರು ತೆರೆಂಗಾ ಅಜ್ಜಿ.

"ಇದು ರೋತಿಯಾಳದು."

"ಹೌದು, ಅವಳು ಅಣ್ಣಂಗೆ ಕೊಟ್ಟದ್ದು. ಅದಕ್ಕಿಂತ ಒಳ್ಳೇದು ಊರಲ್ಲಿಲ್ಲ."

"ಇಲ್ಲಿ ನೋಡಿ ಅಜ್ಜಿ." ಅವರು ಬಾಗಿ ಬೆರಳಿಟ್ಟು ತೋರಿಸಿದರು. ಚಾಪೆಯ ಒಂದು ಸಾಲಿನಲ್ಲಿ ಕಪ್ಪು ಬರಬೇಕಾದಲ್ಲಿ ಕಂದು ಬಂದಿತ್ತು. ಹತ್ತಿರದಿಂದ ನೋಡಿದವರಿಗೆ ಮಾತ್ರ ಕಾಣುವಷ್ಟು. "ಅವಳು ಜೀವಮಾನದಲ್ಲಿ ಸಾಲು ತಪ್ಪಿದವಳಲ್ಲ. ಲಾಟೀನಿನ ಮುಂದೆ ಕಪ್ಪಿಗೂ ಕಂದಿಗೂ ವ್ಯತ್ಯಾಸ ಕಾಣಲ್ಲ. ಇದರ ಮೇಲೆ ಹೇಗೆ ಕೂರ್ಲಿ?"

ಆಗ ಅವರು ಸಭೆಯ ಮುಂದೆ ಆ ಏಣಿಯ ಸಂಜೆಯನ್ನು ಹೇಳಿದರು. ಧ್ವನಿಯೇರಿಸಲಿಲ್ಲ. ಬ್ವೆನ ಅವರ ಹೆಸರನ್ನು ಎತ್ತಲಿಲ್ಲ, ಬ್ವೆನ ಅವರೇ ಅಂಗೈಗಳಿಂದ ಮುಖ ಮುಚ್ಚಿಕೊಂಡರು. "ನಾನು ಕೊಡೋನು ಅಂತ ನೀವೆಲ್ಲ ಹೊಗಳ್ತೀರಿ. ನಾನು ದಯೆಯಿಂದ ಕೊಟ್ಟವನಲ್ಲ. ಇಲ್ಲ ಅನ್ನೋಕೆ ನಾಚಿಕೆ ಆಗಿ ಕೊಟ್ಟೆ. ನಿಮ್ಮ ಮುಂದೆ ಮಾನ ಉಳಿಸ್ಕೊಳ್ಳೋಕೆ ಅವಳ ಬೆಳಕು ಕೊಟ್ಟೆ. ಅವಳು ಏಣಿ ಕಡೆ ನೋಡಿದಾಗ 'ಅದು ನಮ್ಮದೇ ಟ್ಯೂಬು' ಅಂತ ಒಂದು ಮಾತು ಆಡಿದ್ರೆ ಸಾಕಿತ್ತು. ನೀವು ಇಷ್ಟು ವರ್ಷ ನೋಡಿದ್ದು ಟ್ಯೂಬಿನ ಪುಡೀನ. ಒಳಗೆ ಬಡಿದುಕೊಂಡವಳು ಅವಳು. ಈ ಹೂವು ತೆಗೀರಿ."

ಮನೆಯಾಬದಲ್ಲಿ ಕರೆದ ಸ್ಥಾನವನ್ನು ಒಲ್ಲೆನೆಂದು ಹೊರಟುಹೋದವನು ಊರಿಗೆ ಹೊರಗಾದಂತೆ. ಅದನ್ನು ತಿಳಿದೂ ಅವರು ಬೆನ್ನು ತಿರುಗಿಸಿದರು. ತಡೆಯುವ ಬಾಯಿ ಯಾರಿಗಿತ್ತು? ಆಗ ತೆರೆಂಗಾ ಅಜ್ಜಿ ಕೋಲೂರಿ ಎದ್ದರು. ಆಕೆಗೆ ಎದ್ದು ನಿಲ್ಲುವುದೇ ಒಂದು ಕೆಲಸ. ನಿಂತು, ಉಸಿರು ಸುಧಾರಿಸಿಕೊಂಡು ಹೇಳಿದರು:

"ಬರಾನಿಕೊ, ಹೋಗೋದಾದ್ರೆ ಹೋಗು. ಆದ್ರೆ ನನ್ನದೊಂದು ಬುಬುತಿ ಇದೆ. ಈ ಊರಲ್ಲಿ ನಿನ್ನ ಹತ್ರ ಏನೂ ಕೇಳದಿರೋಳು ನಾನೊಬ್ಬಳೇ."

ಅವರು ನಿಂತರು. "ನನ್ನ ಹತ್ರ ಏನುಳಿದಿದೆ ಅಜ್ಜಿ?"

"ಕತ್ತಲೆ ಉಳಿದಿದೆಯಲ್ಲ. ಅದನ್ನ ಕೊಡು."

ಸಭೆಗೆ ಮೊದಲು ತಿಳಿಯಲಿಲ್ಲ.

"ನಿನ್ನ ಮನೆ ಕತ್ತಲೇನ ಊರಿಗೆ ಕೊಟ್ಟುಬಿಡು. ನಾವೇ ಮಾಡಿದ್ದು, ನಾವೇ ಒಯ್ತೀವಿ. ಅದನ್ನ ಕೊಟ್ಟಮೇಲೆ ಆ ಜಾಗದಲ್ಲಿ ಏನಿರುತ್ತೋ ಅದು ನಿನಗೆ ಯಾರೂ ಕೊಟ್ಟದ್ದಲ್ಲ, ಹಿಂದಕ್ಕೆ ತಂದದ್ದೂ ಅಲ್ಲ. ಈಗ ಇಲ್ಲ ಅನ್ನು ನೋಡೋಣ. ಜನ್ಮದಲ್ಲಿ ಅಂದಿಲ್ಲ, ಮುದುಕೀಗೆ ಅಂತೀಯಾ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಇನ್ಯಾರೋ ಬಿಕ್ಕಿದರು. ಬರಾನಿಕೊ ಅವರು, "ಆಗ್ಲಿ, ತಗೊಳ್ಳಿ" ಎಂದರು. ಹಿಂದಿರುಗಿ ಬಂದು ಚಾಪೆಯ ಮೇಲೆ ಕುಳಿತರು. ಊಟ ಮುಗಿಯುವವರೆಗೂ ಅವರ ಎಡಗೈ ತಪ್ಪಿದ ಸಾಲಿನ ಮೇಲೆಯೇ ಇತ್ತು.

ಅದೇ ಸಂಜೆ, ಹೊತ್ತು ಮುಳುಗುವ ಮುನ್ನ, ಊರು ಅವರ ಮನೆಗೆ ಹೋಯಿತು. ಉಪದೇಶಿಯವರು ಬ್ಯಾಟರಿ ಹೊತ್ತಿದ್ದರು. ಈ ಸಲ ಟ್ಯೂಬು ಹಿಡಿದು ಏಣಿ ಹತ್ತಿದವರು ಕೈಯೇಯಾ. ಬರಾನಿಕೊ ಅವರನ್ನು ರೋತಿಯಾ ಕೂರುತ್ತಿದ್ದ ಜಾಗದಲ್ಲಿ ಕೂರಿಸಿದ್ದರು. ಅಲ್ಲಿ ಆಕೆ ಸೀಳಿಟ್ಟ ಕೇದಗೆಯ ಎಳೆಗಳು ಇನ್ನೂ ಸುರುಳಿಯಾಗಿದ್ದವು.

"ಸರಿಯಾಗಿ ಕೂತಿದೆಯಾ ಭಾವ?" ಎಂದು ಮೇಲಿನಿಂದ ಕೇಳಿದರು ಕೈಯೇಯಾ.

"ಇನ್ನು ಸ್ವಲ್ಪ ತಿರುಗಿಸು." ಆಮೇಲೆ, ತಲೆಯೆತ್ತಿ ನೋಡುತ್ತಲೇ, "ಕೈಯೇಯಾ, ಅವಳಿಗೆ ಇಲ್ಲಿಂದ ಹೀಗೆ ಕಂಡಿರಬೇಕು, ನಾನು" ಎಂದರು.

ಟಕ್ಕೆಂದು ಸದ್ದಾಯಿತು. ಟ್ಯೂಬು ಒಮ್ಮೆ ಮಿಣುಕಿ, ಇನ್ನೊಮ್ಮೆ ಮಿಣುಕಿ ಹೊತ್ತಿತು. ಆ ಬೆಳಕಿನಲ್ಲಿ ಕಪ್ಪು ಎಳೆ ಕಪ್ಪಾಗಿಯೂ ಕಂದು ಕಂದಾಗಿಯೂ ಕಂಡವು. ಬರಾನಿಕೊ ಅವರು ಬಾಗಿ, ಎರಡನ್ನೂ ಬೇರೆ ಬೇರೆ ಮಾಡಿ ಇಡತೊಡಗಿದರು. ಪ್ರಾರ್ಥನೆ ಶುರುವಾಗಲಿ ಎಂದು ಯಾರೂ ಅವಸರ ಮಾಡಲಿಲ್ಲ.

ಈಗ ದ್ವೀಪಕ್ಕೆ ಹೊಸ ಬಗೆಯ ದೀಪಗಳು ಬರುತ್ತಿವೆ. ಅವುಗಳಲ್ಲಿ ಪಾದರಸವಿಲ್ಲ, ಪೆಟ್ಟು ಬಿದ್ದರೂ ಒಡೆಯುವುದಿಲ್ಲ. ನಿವೃತ್ತರಾದ ಬರಾನಿಕೊ ಅವರು ಇಂದಿಗೂ ಮನೆಮನೆಗೆ ನಡೆದು ಕೊನೆಯ ಟ್ಯೂಬುಗಳನ್ನು ಒಡೆಯದಂತೆ ಇಳಿಸಿ ಹಡಗಿಗೆ ಕಟ್ಟುತ್ತಿದ್ದಾರೆ. ಬ್ವೆನ ಅವರು ಪ್ರತಿ ಸಂಜೆ ಆ ಮನೆಗೆ ಬಂದು, ಬೇರೆ ಮಾಡಿಟ್ಟ ಎಳೆಗಳಿಂದ ರೋತಿಯಾ ಅರ್ಧಕ್ಕೆ ಬಿಟ್ಟುಹೋದ ಚಾಪೆಯನ್ನು ಹೆಣೆಯುತ್ತಿದ್ದಾರೆ. ಹೆಚ್ಚು ಮಾತಿಲ್ಲ. ಸಾಲು ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯುತ್ತಾರೆ.

ದೇವರು ಈ ಹಿರಿಯರಿಗೆ ಇನ್ನೂ ಬಹಳ ಸಂಜೆಗಳನ್ನು ಕೊಡಲಿ. ಏಣಿ ಹತ್ತುವ ಕಾಲಿಗೆ ಬಲವನ್ನು ಕೊಡಲಿ. ಅವರಿಗೆ 'ಇಲ್ಲ' ಎನ್ನುವ ನಾಲಿಗೆಯನ್ನು ಕೊಡಲಿ, ಕೊಡದಿದ್ದರೆ ಕೇಳುವ ಮುನ್ನ ಅವರ ಮನೆಯ ಮಾಡಿನ ಕಡೆಗೊಮ್ಮೆ ನೋಡುವ ಕಣ್ಣನ್ನು ನಮಗೆ ಕೊಡಲಿ. ರೋತಿಯಾ ಅವರು ಈಗಿರುವಲ್ಲಿ ಹೆಣೆಯಲು ಬೇಕಾದಷ್ಟು ಬೆಳಕಿರಲಿ.